ವೈಸ್‌ನಿಂದ ಬಿಚ್ಚಿದ ಮೇಲೂ ಅಳತೆ ನಿಲ್ಲಬೇಕು: ಲ್ಯಾಬ್ ಉಪಕರಣಗಳ ಅಲ್ಯೂಮಿನಿಯಂ ಪಾರ್ಟ್‌ಗಳ ಮಷೀನಿಂಗ್ ಮಾರ್ಗದರ್ಶಿ

ಪ್ಲೇಟ್ ವೈಸ್‌ನಲ್ಲಿದ್ದಾಗ (ಜಾಬ್ ಬಿಗಿಯಾಗಿ ಹಿಡಿಯುವ ಇಕ್ಕಳ) ಡಯಲ್ ಮುಳ್ಳು ಅಲ್ಲಾಡಲೇ ಇಲ್ಲ. ಈ ತುದಿಯಿಂದ ಆ ತುದಿಗೆ 0.005 ಮಿ.ಮೀ. ವ್ಯತ್ಯಾಸವೂ ಇರಲಿಲ್ಲ. ಖುಷಿಯಾಗಿ ಬಿಚ್ಚಿ, ಒರೆಸಿ, ಸರ್ಫೇಸ್ ಪ್ಲೇಟ್ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದೆ. ಟಕ್. ಎದುರು ಮೂಲೆ ಒತ್ತಿದೆ. ಮತ್ತೆ ಟಕ್. ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ತಂದು ನೋಡಿದರೆ 0.08ರ ಎಲೆ ಸಲೀಸಾಗಿ ಅಡಿಗೆ ಹೋಯಿತು. ಡ್ರಾಯಿಂಗ್‌ನಲ್ಲಿ ಕೇಳಿದ್ದು 0.03.

ಕಟರ್ ಸರಿಯಿತ್ತು, ಮಷೀನ್ ಸರಿಯಿತ್ತು, ಪ್ರೋಗ್ರಾಂ ಕೂಡ ಸರಿಯಿತ್ತು. ನಾನೇ ಪ್ಲೇಟನ್ನು ಬಗ್ಗಿಸಿ ಹಿಡಿದು, ಬಗ್ಗಿದ ಹಾಗೇ ಸಮತಟ್ಟು ಮಾಡಿದ್ದೆ. ಬಿಟ್ಟ ಕೂಡಲೇ ಅದು ತನ್ನ ಆಕಾರಕ್ಕೆ ವಾಪಸ್ ಹೋಯಿತು.

ಅಲ್ಯೂಮಿನಿಯಂ ಕತ್ತರಿಸಲು ಸುಲಭ. ಹಾಗಾಗಿಯೇ ನಮ್ಮ ಗಮನವೆಲ್ಲ ಸ್ಪೀಡ್, ಫೀಡ್, ಕಟರ್ ಕಡೆ ಹೋಗುತ್ತದೆ. ಆದರೆ ಲ್ಯಾಬ್ ಪಾರ್ಟ್‌ಗಳಲ್ಲಿ ಮೈಕ್ರಾನ್‌ಗಳು ಕಳೆದುಹೋಗುವುದು ಹೆಚ್ಚಾಗಿ ಬೇರೆ ಕಡೆ: ಹಿಡಿಯುವಾಗ, ಬಿಸಿಯಾದಾಗ, ಲೋಹದೊಳಗಿನ ಒತ್ತಡ ಬಿಟ್ಟಾಗ, ಕೊನೆಗೆ ಆನೊಡೈಸ್ (ವಿದ್ಯುತ್ ಹಾಯಿಸಿ ಮೇಲ್ಮೈಗೆ ಆಕ್ಸೈಡ್ ಪದರ ಬೆಳೆಸುವ) ಟ್ಯಾಂಕ್‌ನಲ್ಲಿ. ಅದಕ್ಕೇ ಈ ಬರಹದಲ್ಲಿ ಕಟಿಂಗ್‌ಗಿಂತ ಅದರ ಹಿಂದೆ ಮುಂದಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದು ಜಾಬ್ ಹಿಡಿದುಕೊಳ್ಳೋಣ. 150 × 110 × 16 ಮಿ.ಮೀ. ಪ್ಲೇಟ್. ಮೇಲ್ಭಾಗದಲ್ಲಿ ಮೈಕ್ರೋಪ್ಲೇಟ್ (ಮಾದರಿ ಹಾಕಲು ಸಣ್ಣ ಸಣ್ಣ ಬಾವಿಗಳಿರುವ ಪ್ಲಾಸ್ಟಿಕ್ ತಟ್ಟೆ) ಕೂರಲು 4 ಮಿ.ಮೀ. ಆಳದ ಪಾಕೆಟ್. ಕೆಳಭಾಗದಲ್ಲಿ ನೀರು ಹರಿಯಲು 6 ಮಿ.ಮೀ. ಆಳದ ಚಾನಲ್, ಅದರ ಸುತ್ತ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗ್ರೂವ್, ಮೇಲೊಂದು ಮುಚ್ಚಳ. ಜೋಡಣೆಗೆ 6 ಮಿ.ಮೀ. ಡೋವೆಲ್ ಪಿನ್ನಿನ ಎರಡು ತೂತು, ಒಂದಷ್ಟು ಎಂ4 ಥ್ರೆಡ್. ಲ್ಯಾಬ್ ಕೆಲಸದಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದೇ ಪ್ಲೇಟ್‌ನಲ್ಲಿ ಸಿಗುತ್ತವೆ.

ಹೆಜ್ಜೆ 1: ಯಾವುದು ಯಾವುದಕ್ಕೆ ತಾಗುತ್ತದೆ ಅಂತ ಕೇಳಿ

ಡ್ರಾಯಿಂಗ್ ಕೈಗೆ ಬಂದ ತಕ್ಷಣ ಪ್ರೋಗ್ರಾಂ ಬರೆಯಲು ಕೂರಬೇಡಿ. ಲ್ಯಾಬ್‌ನಿಂದ ಬರುವ ಡ್ರಾಯಿಂಗ್‌ಗಳಲ್ಲಿ ಎಲ್ಲ ಅಳತೆಗೂ ±0.01 ಹಾಕಿರುವುದು ಅಪರೂಪವೇನಲ್ಲ. ಬರೆದವರಿಗೆ ಭಯ, ಅಷ್ಟೇ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಯಾವ ಮುಖ ಯಾವುದಕ್ಕೆ ತಾಗುತ್ತದೆ?"

ನಮ್ಮ ಪ್ಲೇಟ್‌ಗೆ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ. ಪಾಕೆಟ್‌ನ ತಳ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಬಾವಿಯಿಂದ ಬಾವಿಗೆ ಉಷ್ಣತೆ ಬದಲಾಗುತ್ತದೆ. ಡೋವೆಲ್ ತೂತುಗಳ ನಡುವಿನ ದೂರ ಸರಿ ಇರಬೇಕು. ಓ-ರಿಂಗ್ ಕೂರುವ ಜಾಗ ನುಣ್ಣಗಿರಬೇಕು. ಉಳಿದ ಹೊರ ಅಂಚು ಯಾವುದಕ್ಕೂ ತಾಗುವುದಿಲ್ಲ. ಅದಕ್ಕೆ ಐಎಸ್‌ಒ 2768ರ (ಬೇರೆ ಮಿತಿ ಬರೆಯದ ಅಳತೆಗಳಿಗೆ ಇರುವ ಸ್ಟ್ಯಾಂಡರ್ಡ್) ಮೀಡಿಯಂ ದರ್ಜೆ ಸಾಕು. ಅದರಲ್ಲಿ 30ರಿಂದ 120 ಮಿ.ಮೀ. ಅಳತೆಗೆ ±0.3 ಬಿಟ್ಟಿದ್ದಾರೆ. ±0.01ಕ್ಕೂ ±0.3ಕ್ಕೂ ನಡುವೆ ನಿಮ್ಮ ಇಡೀ ದಿನ ಅಡಗಿದೆ.

ಮೈಕ್ರೋಪ್ಲೇಟ್‌ನ ಅಡಿ ಅಳತೆಗೆ ಸ್ಟ್ಯಾಂಡರ್ಡ್ ಇದೆ: 127.76 × 85.48 ಮಿ.ಮೀ. 96 ಬಾವಿಯ ಪ್ಲೇಟ್‌ನಲ್ಲಿ ಬಾವಿಗಳ ನಡುವೆ 9 ಮಿ.ಮೀ. ಆದರೆ ಅಚ್ಚಿನಿಂದ ಬರುವ ಪ್ಲಾಸ್ಟಿಕ್ ಪ್ಲೇಟ್ ಸ್ವಲ್ಪ ಹಿಂದೆ ಮುಂದೆ ಇರುತ್ತದೆ. ಪಾಕೆಟ್ ಅಳತೆ ಬಿಗಿ ಮಾಡಿದರೆ ಒಂದು ಕಂಪನಿಯ ಪ್ಲೇಟ್ ಕೂರುತ್ತದೆ, ಇನ್ನೊಂದು ಕೂರುವುದಿಲ್ಲ. ನಾನು ಉದ್ದವನ್ನು 128.60 ಹಿಡಿಯುತ್ತೇನೆ.

ಮೇಲ್ಮೈಗೆ ಏನು ಲೇಪ ಬರುತ್ತದೆ ಅನ್ನುವುದನ್ನೂ ಇದೇ ಫೋನ್‌ನಲ್ಲಿ ಕೇಳಿಬಿಡಿ. ಪಾರ್ಟ್ ಮುಗಿದ ಮೇಲೆ "ಕಪ್ಪು ಆನೊಡೈಸ್ ಮಾಡಿಸಿ" ಅಂದರೆ ತಲೆನೋವು. ಯಾಕೆ ಅಂತ ಹೆಜ್ಜೆ 9ರಲ್ಲಿ ಹೇಳುತ್ತೇನೆ.

ಹೆಜ್ಜೆ 2: 6061 ಅಂದರೆ ಸಾಕಾಗುವುದಿಲ್ಲ

ಮಿಶ್ರಲೋಹದ ನಂಬರ್ ಎಲ್ಲರೂ ನೋಡುತ್ತಾರೆ, ಅದರ ಹಿಂದಿನ ಟೆಂಪರ್ (ಲೋಹವನ್ನು ಹೇಗೆ ಹದ ಮಾಡಿದ್ದಾರೆ ಅನ್ನುವ ಗುರುತು) ನೋಡುವವರು ಕಡಿಮೆ. 6061-ಟಿ6 ಬೇರೆ, 6061-ಟಿ651 ಬೇರೆ. ಬಿಸಿ ಮಾಡಿ ನೀರಿನಲ್ಲಿ ತಣಿಸುವಾಗ ಹೊರಗಿನ ಪದರ ಬೇಗ ತಣಿಯುತ್ತದೆ, ಒಳಗು ನಿಧಾನ. ಆ ಜಗ್ಗಾಟ ಲೋಹದೊಳಗೇ ಉಳಿಯುತ್ತದೆ. ಕೊನೆಯ 51 ಅಂದರೆ, ತಣಿಸಿದ ಮೇಲೆ ಪ್ಲೇಟನ್ನು ಸುಮಾರು 1.5ರಿಂದ 3 ಪ್ರತಿಶತ ಎಳೆದು ಆ ಒತ್ತಡವನ್ನು ಕಳೆದಿದ್ದಾರೆ ಅಂತ ಅರ್ಥ. ಪಾಕೆಟ್ ತೆಗೆಯುವ ಕೆಲಸಕ್ಕೆ ಟಿ651 ಬಿಟ್ಟು ಬೇರೆ ಪ್ಲೇಟ್ ತರಬೇಡಿ.

ಎರಕ ಹೊಯ್ದು, ಒತ್ತಡ ಕಳೆದು, ಎರಡೂ ಮುಖ ಮಿಲ್ ಮಾಡಿ ಮಾರುವ ಟೂಲಿಂಗ್ ಪ್ಲೇಟ್ ಇನ್ನೂ ಕಡಿಮೆ ಸೊಟ್ಟಗಾಗುತ್ತದೆ. ಆಪ್ಟಿಕಲ್ ಬೇಸ್‌ಗೆ, ಫಿಕ್ಸ್‌ಚರ್‌ಗೆ ಅದು ಒಳ್ಳೆಯದು. ಆದರೆ ಬಲ ಕಡಿಮೆ, ಥ್ರೆಡ್ ಬೇಗ ಸವೆಯುತ್ತದೆ. ಎರಕದ ಲೋಹವಾದ್ದರಿಂದ ಒಮ್ಮೊಮ್ಮೆ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಆ ರಂಧ್ರ ಸರಿಯಾಗಿ ಓ-ರಿಂಗ್ ಕೆಳಗೇ ಬಂದರೆ ನಿಮ್ಮ ಹಣೆಬರಹ. ಹಾಗಾಗಿ ಸೀಲ್ ಇರುವ ಈ ಪ್ಲೇಟ್‌ಗೆ ನಾನು 6061-ಟಿ651 ಆರಿಸುತ್ತೇನೆ.

7075 ಮಿಶ್ರಲೋಹ ಬಲಶಾಲಿ, ಸೊಗಸಾಗಿ ಕತ್ತರಿಸುತ್ತದೆ, ಜೋರಾಗಿ ತಿರುಗುವ ಸೆಂಟ್ರಿಫ್ಯೂಜ್ ರೋಟರ್‌ನಂಥವಕ್ಕೆ ಬೇಕು. ಆದರೆ ಅದರಲ್ಲಿ ಸತು ಇದೆ. ಬಿಸಿ ಮಾಡುವ ಹೈ ವ್ಯಾಕ್ಯೂಂ ಚೇಂಬರ್‌ನಲ್ಲಿ ಸತು ಆವಿಯಾಗಿ ಬೇರೆ ಭಾಗಗಳ ಮೇಲೆ ಕೂರುತ್ತದೆ. ಅಲ್ಲಿ ಬಳಸಬೇಡಿ. 2024 ಅನ್ನುವ ಮಿಶ್ರಲೋಹದಲ್ಲಿ ತಾಮ್ರ ಜಾಸ್ತಿ. ತೇವ ಇರುವ ಜಾಗದಲ್ಲಿ ಬೇಗ ಕೆಡುತ್ತದೆ.

ಹೆಜ್ಜೆ 3: ಹಿಡಿಯುವುದು

ಕೆಲಸದ ಅರ್ಧ ಇಲ್ಲೇ ಇದೆ. ಅಲ್ಯೂಮಿನಿಯಂನ ಗಡಸುತನದ ಮಾತಲ್ಲ, ಬಗ್ಗುವ ಗುಣದ ಮಾತು. ಅದೇ ಅಳತೆಯ ಉಕ್ಕಿಗೆ ಹೋಲಿಸಿದರೆ ಅದೇ ಬಲಕ್ಕೆ ಇದು ಸುಮಾರು ಮೂರು ಪಟ್ಟು ಬಗ್ಗುತ್ತದೆ. ಉಕ್ಕಿಗೆ ಹಾಕುವ ಹಾಗೆ ವೈಸ್ ಹ್ಯಾಂಡಲ್ ಮೇಲೆ ಮೈಭಾರ ಹಾಕಿದರೆ ಪ್ಲೇಟ್ ನಡುವೆ ಉಬ್ಬುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾ? ಪ್ಲೇಟನ್ನು ಪ್ಯಾರಲಲ್ (ಸಮ ದಪ್ಪದ ಉಕ್ಕಿನ ಪಟ್ಟಿ) ಮೇಲಿಟ್ಟು ವೈಸ್ ಮೆಲ್ಲಗೆ ಮುಟ್ಟಿಸಿ. ಮೈಕ್ರಾನ್ ಡಯಲನ್ನು ಪ್ಲೇಟ್ ಮಧ್ಯಕ್ಕೆ ಇಟ್ಟು ಸೊನ್ನೆ ಮಾಡಿ. ಈಗ ಹ್ಯಾಂಡಲ್ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಮುಳ್ಳು ಮೇಲಕ್ಕೆ ಏರುವುದು ಕಾಣುತ್ತದೆ. ಅದು ಎಷ್ಟು ಏರುತ್ತದೋ, ಬಿಚ್ಚಿದಾಗ ಹೆಚ್ಚುಕಡಿಮೆ ಅಷ್ಟೇ ತಗ್ಗು ಮಧ್ಯದಲ್ಲಿ ಸಿಗುತ್ತದೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಒಂದು ಸಲ ಮಾಡಿದವರು ಆಮೇಲೆ ಫಿನಿಶ್ ಕಟ್‌ಗೆ ವೈಸನ್ನು ಬಿಗಿಯಾಗಿ ಎಳೆಯುವುದಿಲ್ಲ.

ನಾನು ಪಾಲಿಸುವ ಕ್ರಮ ಇದು. ರಫಿಂಗ್‌ಗೆ, ಅಂದರೆ ದೊಡ್ಡ ಪಾಲು ಲೋಹ ತೆಗೆಯುವ ಮೊದಲ ಕಟ್‌ಗೆ, ಗಟ್ಟಿಯಾಗಿ ಹಿಡಿಯಿರಿ, ಪರವಾಗಿಲ್ಲ. ಫಿನಿಶ್‌ಗೆ ಮೊದಲು ಪೂರ್ತಿ ಬಿಚ್ಚಿ. ಚಿಪ್ಸ್ ಎಲ್ಲ ಒರೆಸಿ. ಒಂದೇ ಒಂದು ಚಿಪ್ ಪ್ಯಾರಲಲ್ ಮೇಲೆ ಉಳಿದರೂ ಮಾಡಿದ್ದೆಲ್ಲ ವ್ಯರ್ಥ. ಮತ್ತೆ ಹಗುರವಾಗಿ ಹಿಡಿಯಿರಿ. ಟಾರ್ಕ್ ರೆಂಚ್ ಇದ್ದರೆ ಸರಿ ಹೋದ ಮೌಲ್ಯವನ್ನು ಬರೆದಿಟ್ಟುಕೊಳ್ಳಿ, ಮುಂದಿನ ಪ್ಲೇಟ್‌ಗೂ ಅದೇ ಹಿಡಿತ ಸಿಗುತ್ತದೆ. ಫಿನಿಶ್ ಕಟ್‌ನಲ್ಲಿ ತೆಗೆಯುವುದು 0.2 ಮಿ.ಮೀ., ಅದಕ್ಕೆ ದೊಡ್ಡ ಹಿಡಿತ ಬೇಕಾಗಿಲ್ಲ.

ಮೊದಲ ಮುಖದ ಬಗ್ಗೆ ಒಂದು ಎಚ್ಚರಿಕೆ. ಕಚ್ಚಾ ಪ್ಲೇಟ್ ಸ್ವಲ್ಪ ತಿರುಚಿಕೊಂಡಿರುತ್ತದೆ. ಅದನ್ನು ಕ್ಲಾಂಪ್ ಹಾಕಿ ಬೆಡ್‌ಗೆ ಒತ್ತಿದರೆ ತಾತ್ಕಾಲಿಕವಾಗಿ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ತಿರುಚುತ್ತದೆ. ಅದು ಇರುವ ಹಾಗೇ ಇರಲಿ. ಎಲ್ಲಿ ಸಂದು ಇದೆಯೋ ಅಲ್ಲಿ ಶಿಮ್ (ತೆಳು ಲೋಹದ ಹಾಳೆ) ತುರುಕಿ, ಶಿಮ್ ಇರುವ ಜಾಗದ ಮೇಲೇ ಕ್ಲಾಂಪ್ ಹಾಕಿ. ಆಗ ಮೊದಲ ಮುಖ ನಿಜಕ್ಕೂ ನೆಟ್ಟಗೆ ಬರುತ್ತದೆ.

ಸಾಫ್ಟ್ ಜಾ ಮಾಡಿಕೊಳ್ಳಲು ಸೋಮಾರಿತನ ಬೇಡ. ಜಾಬ್‌ನ ಆಕಾರಕ್ಕೆ ಅದೇ ಮಷೀನ್‌ನಲ್ಲಿ ಕೊರೆದ ಅಲ್ಯೂಮಿನಿಯಂ ಜಾ, ಬಲವನ್ನು ಅಗಲಕ್ಕೆ ಹಂಚುತ್ತದೆ, ಗುರುತೂ ಬೀಳುವುದಿಲ್ಲ. ತೆಳು ಪ್ಲೇಟ್ ಆದರೆ ವ್ಯಾಕ್ಯೂಂ ಫಿಕ್ಸ್‌ಚರ್, ಅಥವಾ ಜಾಬ್‌ನದೇ ತೂತುಗಳಲ್ಲಿ ಬೋಲ್ಟ್ ಹಾಕಿ ಸಬ್‌ಪ್ಲೇಟ್‌ಗೆ ಕೂರಿಸುವುದು ವೈಸ್‌ಗಿಂತ ಎಷ್ಟೋ ಮೇಲು.

ಹೆಜ್ಜೆ 4: ಕಟರ್ ಮತ್ತು ವೇಗ

ಎರಡು ಅಥವಾ ಮೂರು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್, 40 ಡಿಗ್ರಿ ಆಸುಪಾಸಿನ ಹೆಲಿಕ್ಸ್ (ಹಲ್ಲಿನ ಸುರುಳಿ ಕೋನ), ಪಾಲಿಶ್ ಮಾಡಿದ ಫ್ಲೂಟ್ (ಚಿಪ್ ಹೊರಹೋಗುವ ಕಾಲುವೆ). ಉಕ್ಕಿಗೆ ಬಳಸುವ, ಟೈಟಾನಿಯಂ ಜೊತೆ ಅಲ್ಯೂಮಿನಿಯಂ ಸೇರಿದ ಕಪ್ಪು ಕೋಟಿಂಗ್ ಇಲ್ಲಿ ಬೇಡ. ಅಲ್ಯೂಮಿನಿಯಂ ಅದಕ್ಕೆ ಅಂಟಿಕೊಳ್ಳುವ ಸ್ವಭಾವದ್ದು. ಕೋಟಿಂಗ್ ಇಲ್ಲದ ಕಟರ್, ಇಲ್ಲವೇ ಜಿರ್ಕೋನಿಯಂ ನೈಟ್ರೈಡ್ ಅಥವಾ ಡಿಎಲ್‌ಸಿ (ವಜ್ರದಂಥ ಇಂಗಾಲ) ಕೋಟಿಂಗ್ ಇರುವುದು ಚೆನ್ನ.

10 ಮಿ.ಮೀ. ಕಾರ್ಬೈಡ್ ಕಟರ್‌ಗೆ ನಿಮಿಷಕ್ಕೆ 300 ಮೀಟರ್ ಕಟಿಂಗ್ ವೇಗ ಹಿಡಿದರೆ ಸುಮಾರು 9,550 ಆರ್‌ಪಿಎಂ ಬರುತ್ತದೆ. ಮೂರು ಹಲ್ಲು, ಹಲ್ಲಿಗೆ 0.05 ಮಿ.ಮೀ. ಅಂದರೆ ಫೀಡ್ ನಿಮಿಷಕ್ಕೆ ಸುಮಾರು 1,430 ಮಿ.ಮೀ. ಇದು ಶುರು ಮಾಡುವ ಜಾಗ ಅಷ್ಟೇ. ಮಷೀನ್ ಗಟ್ಟಿ ಇದ್ದರೆ ಇನ್ನೂ ಮೇಲೆ ಹೋಗಬಹುದು.

ಅಡ್ಡ ಕಟ್ ತೀರಾ ಚಿಕ್ಕದಾದರೆ ಚಿಪ್ ನಾವು ಅಂದುಕೊಂಡದ್ದಕ್ಕಿಂತ ತೆಳ್ಳಗಾಗುತ್ತದೆ. 10 ಮಿ.ಮೀ. ಕಟರ್‌ನಲ್ಲಿ ಅಡ್ಡ 1 ಮಿ.ಮೀ. ಮಾತ್ರ ತೆಗೆದರೆ 0.05ರ ಬದಲು ನಿಜವಾದ ದಪ್ಪ ಸುಮಾರು 0.03. ಆಗ ಹಲ್ಲು ಕತ್ತರಿಸುವ ಬದಲು ಉಜ್ಜತೊಡಗುತ್ತದೆ, ಬಿಸಿ ಏರುತ್ತದೆ. ಫೀಡ್ ಕಡಿಮೆ ಮಾಡಿದರೆ ಫಿನಿಶ್ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಅಲ್ಯೂಮಿನಿಯಂನಲ್ಲಿ ಎಷ್ಟೋ ಸಲ ಉಲ್ಟಾ ಹೊಡೆಯುವುದು ಇದಕ್ಕೇ.

ಎರಡು ವಿಷಯಕ್ಕೆ ಖರ್ಚಿಲ್ಲ, ಲಾಭ ಜಾಸ್ತಿ. ಒಂದು, ಕಟರ್ ಎಷ್ಟು ಹೊರಗೆ ಚಾಚಿದೆ ಅನ್ನುವುದು. ಬಗ್ಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 30 ಮಿ.ಮೀ. ಬದಲು 24 ಮಾತ್ರ ಹೊರಗಿಟ್ಟರೆ ಬಗ್ಗುವುದು ಅರ್ಧಕ್ಕೆ ಇಳಿಯುತ್ತದೆ. ಎರಡು, ರನೌಟ್ ಅಥವಾ ಓಟ, ಅಂದರೆ ತಿರುಗುವಾಗ ಕಟರ್ ನಡುಗೆರೆಯಿಂದ ಆಚೀಚೆ ಸರಿಯುವುದು. ಕಟರ್ ಹಾಕಿದ ಮೇಲೆ ಅದರ ತುದಿ ಹತ್ತಿರ ಡಯಲ್ ಇಟ್ಟು ಕೈಯಲ್ಲಿ ತಿರುಗಿಸಿ. ಎರಡು ಹಲ್ಲಿನ ಕಟರ್‌ನಲ್ಲಿ 0.02 ಓಟ ಇದ್ದರೆ, 0.05 ಫೀಡ್‌ನಲ್ಲಿ ಒಂದು ಹಲ್ಲು 0.07 ತಿನ್ನುತ್ತದೆ, ಇನ್ನೊಂದು 0.03. ಕೋಲೆಟ್ (ಕಟರ್ ಹಿಡಿಯುವ ಸೀಳು ಕೊಳವೆ) ಬಿಚ್ಚಿ ಒಳಗೆ ಒರೆಸಿ ಮತ್ತೆ ಹಾಕಿದರೆ ಎಷ್ಟೋ ಸಲ ಓಟ ತಾನೇ ಅರ್ಧವಾಗುತ್ತದೆ.

ಫಿನಿಶ್‌ಗೆ ಬೇರೆಯೇ ಕಟರ್ ಇಟ್ಟುಕೊಳ್ಳಿ. ರಫಿಂಗ್‌ಗೆ ಅದನ್ನು ಯಾರೂ ಮುಟ್ಟದ ಹಾಗೆ ಡಬ್ಬದ ಮೇಲೆ ದಪ್ಪಗೆ ಬರೆದಿಡಿ.

ಲೇತ್ ಕೆಲಸವಾದರೆ ಫಿನಿಶ್ ಲೆಕ್ಕ ಸುಲಭ. ಫೀಡಿನ ವರ್ಗವನ್ನು ಇನ್ಸರ್ಟ್ ಮೂಗಿನ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಗೀರಿನ ಎತ್ತರ ಸಿಗುತ್ತದೆ. ಸುತ್ತಿಗೆ 0.1 ಮಿ.ಮೀ. ಫೀಡ್, 0.4 ಮೂಗು: ಸುಮಾರು 3 ಮೈಕ್ರಾನ್. ಫೀಡ್ ಅರ್ಧ ಮಾಡಿದರೆ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲೂ ತೀರಾ ಕೆಳಗಿಳಿದರೆ ಮತ್ತೆ ಉಜ್ಜುವ ಕಥೆಯೇ.

ಹೆಜ್ಜೆ 5: ಚಿಪ್ ಹೊರಗೆ, ಬಿಸಿಯೂ ಹೊರಗೆ

ಫಿನಿಶ್ ಮಂಕಾಗಿ, ಹರಿದ ಹಾಗೆ ಬರುತ್ತಿದ್ದರೆ ಮೊದಲು ಸ್ಪೀಡ್ ಬದಲಿಸಬೇಡಿ. ಕಟರ್ ತೆಗೆದು ಹತ್ತು ಪಟ್ಟಿನ ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿ) ಅಂಚು ನೋಡಿ. ಹಲ್ಲಿನ ಮೇಲೆ ಬೂದು ಬಣ್ಣದ ಸಣ್ಣ ಗಡ್ಡೆ ಮೆತ್ತಿಕೊಂಡಿದೆಯಾ? ಅದು ಅಲ್ಯೂಮಿನಿಯಂ. ಈಗ ಕತ್ತರಿಸುತ್ತಿರುವುದು ಕಾರ್ಬೈಡ್ ಅಲ್ಲ, ಆ ಗಡ್ಡೆ. ಅದು ಬೆಳೆಯುತ್ತದೆ, ಕಿತ್ತುಬರುತ್ತದೆ, ಮತ್ತೆ ಬೆಳೆಯುತ್ತದೆ. ಪ್ರತಿ ಸಲವೂ ಅಳತೆ ಬದಲಾಗುತ್ತದೆ. ವೇಗ ಏರಿಸುವುದು, ಕೂಲೆಂಟ್ ಸರಿಯಾಗಿ ಅಂಚಿಗೇ ಬೀಳುವಂತೆ ತಿರುಗಿಸುವುದು, ಹೊಸ ಕಟರ್ ಹಾಕುವುದು, ಈ ಮೂರರಲ್ಲಿ ಒಂದು ಇದನ್ನು ನಿಲ್ಲಿಸುತ್ತದೆ.

ನೀರಿಗೆ ಬೆರೆಸುವ ಕೂಲೆಂಟ್ ಆದರೆ ಸಾಂದ್ರತೆಯನ್ನು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. ಸಾಮಾನ್ಯವಾಗಿ 6ರಿಂದ 10 ಪ್ರತಿಶತ. ಅಲ್ಯೂಮಿನಿಯಂಗೆ ಹೊಂದುವ ಕೂಲೆಂಟ್ ಹೌದಾ ಅಂತ ಡಬ್ಬದ ಮೇಲೆ ಓದಿ. ಕ್ಷಾರ ಜಾಸ್ತಿ ಇದ್ದರೆ ರಾತ್ರಿ ಬಿಟ್ಟ ಪಾರ್ಟ್ ಮೇಲೆ ಬೆಳಿಗ್ಗೆ ಕಪ್ಪು ಕಲೆ ಕಾಣುತ್ತದೆ. ಪಾಕೆಟ್‌ನೊಳಗೆ ಚಿಪ್ಸ್ ನಿಲ್ಲಬಾರದು. ಅವನ್ನು ಎರಡನೇ ಸಲ ಅರೆದರೆ ಗೋಡೆಯ ಮೇಲೆ ಗೀರು ಖಂಡಿತ.

ನಡುವೆ ಒಂದು ಸುರಕ್ಷತೆಯ ಮಾತು: ಪುಡಿಯಂಥ ಒಣ ಅಲ್ಯೂಮಿನಿಯಂ ಚಿಪ್ಸ್‌ಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಹೈಡ್ರೋಜನ್ ಹುಟ್ಟಿ ಬೆಂಕಿ ಜೋರಾಗುತ್ತದೆ. ಲೋಹದ ಬೆಂಕಿಗೆಂದೇ ಇರುವ ಪುಡಿ ಅಥವಾ ಒಣ ಮರಳು ಕೈಗೆಟುಕುವಂತೆ ಇರಲಿ.

ಹೆಜ್ಜೆ 6: ರಫ್ ಮಾಡಿ, ಬಿಟ್ಟುಬಿಡಿ, ಆಮೇಲೆ ಫಿನಿಶ್

20 ಮಿ.ಮೀ. ದಪ್ಪದ ಪ್ಲೇಟ್‌ನಿಂದ 16ಕ್ಕೆ ಬರಬೇಕು. ಒಂದೇ ಕಡೆಯಿಂದ 4 ಮಿ.ಮೀ. ತೆಗೆದರೆ ಒಳಗೆ ಉಳಿದಿರುವ ಒತ್ತಡದ ಸಮತೋಲ ತಪ್ಪಿ ಪ್ಲೇಟ್ ಬಾಳೆ ಎಲೆಯ ಹಾಗೆ ಸುರುಳುತ್ತದೆ. ಎರಡೂ ಕಡೆಯಿಂದ ಸಮವಾಗಿ ತೆಗೆದು 17ಕ್ಕೆ ನಿಲ್ಲಿಸಿ, ಅಂದರೆ ಬದಿಗೆ 0.5 ಉಳಿಯಲಿ. ಪಾಕೆಟ್, ಚಾನಲ್ ಎರಡನ್ನೂ ಇದೇ ಹಂತದಲ್ಲಿ 0.5 ಬಿಟ್ಟು ರಫ್ ಮಾಡಿಬಿಡಿ. ದೊಡ್ಡ ಪಾಲು ಲೋಹ ಈಗಲೇ ಹೋಗಬೇಕು. ಸೊಟ್ಟಗಾಗುವುದಿದ್ದರೆ ಈಗಲೇ ಆಗಲಿ.

ಆಮೇಲೆ ಬಿಚ್ಚಿ ಟೇಬಲ್ ಮೇಲೆ ಇಟ್ಟು ಮನೆಗೆ ಹೋಗಿ. ಒಂದು ರಾತ್ರಿ ಸಾಕು. ಲೋಹ ಬಿಚ್ಚಿದ ಕೂಡಲೇ ಬಗ್ಗುತ್ತದೆ, ರಾತ್ರಿ ಬೇಕಾಗಿರುವುದು ಮುಖ್ಯವಾಗಿ ತಣ್ಣಗಾಗಲು. ಅವಸರ ಇದ್ದರೆ ಮಷೀನ್ ಪಕ್ಕದಲ್ಲೇ ಇರುವ ದಪ್ಪ ಬೆಡ್ ಮೇಲೆ ಒಂದೆರಡು ಗಂಟೆ ಇಡಿ.

ಮಾರನೇ ದಿನ ಮಷೀನ್ ಬಿಸಿಯಾಗಲು 20–30 ನಿಮಿಷ ಸ್ಪಿಂಡಲ್ ಓಡಿಸಿ, ಆಮೇಲೆಯೇ ಟೂಲ್ ಉದ್ದ ತೆಗೆದುಕೊಳ್ಳಿ. ತಣ್ಣಗಿದ್ದಾಗ ತೆಗೆದ ಉದ್ದ, ಸ್ಪಿಂಡಲ್ ಬಿಸಿಯಾಗಿ ಹಿಗ್ಗಿದ ಮೇಲೆ ಸುಳ್ಳಾಗುತ್ತದೆ.

ಈಗ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಕ್ರಮ. ಪಾಕೆಟ್ ಉದ್ದ 128.60 ಬೇಕು. ಗೋಡೆಗೆ 0.5 ಉಳಿದಿದೆ. ಮೊದಲು ಸೆಮಿ ಫಿನಿಶ್ ಮಾಡಿ ಗೋಡೆಗೆ 0.2 ಉಳಿಸಿ. ಲೆಕ್ಕದಂತೆ ಈಗ 128.20 ಇರಬೇಕು. ಅಳೆಯಿರಿ. 128.16 ಬಂತು ಅಂದುಕೊಳ್ಳಿ. ಅಂದರೆ ಕಟರ್ ಹಿಂದಕ್ಕೆ ಬಗ್ಗಿ ಒಂದೊಂದು ಗೋಡೆಯಲ್ಲಿ 0.02 ಬಿಟ್ಟುಬಂದಿದೆ. ಆಫ್‌ಸೆಟ್‌ನಲ್ಲಿ (ಮಷೀನ್‌ಗೆ ಕೊಡುವ ಕಟರ್ ಅಳತೆ) ಆ 0.02 ತಿದ್ದಿ, ಅದೇ ಕಟರ್, ಅದೇ ಫೀಡ್, ಅದೇ ಸ್ಪೀಡ್‌ನಲ್ಲಿ ಫಿನಿಶ್ ತೆಗೆಯಿರಿ. ಸೆಮಿ ಫಿನಿಶ್‌ನಲ್ಲೂ ಫಿನಿಶ್‌ನಲ್ಲೂ ಕಟ್ ಹೆಚ್ಚುಕಡಿಮೆ ಒಂದೇ ಇರುವುದರಿಂದ ಕಟರ್ ಹೆಚ್ಚುಕಡಿಮೆ ಅಷ್ಟೇ ಬಗ್ಗುತ್ತದೆ, ತಿದ್ದುಪಡಿ ಕೂಡ ಸರಿಯಾಗಿ ಕೂರುತ್ತದೆ. 0.3 ತೆಗೆದು ಅಳೆದು, ಕೊನೆಗೆ 0.02 ಮಾತ್ರ ಕೆರೆಯುವವರಿಗೆ ಈ ಲಾಭ ಸಿಗುವುದಿಲ್ಲ. ಅಷ್ಟು ತೆಳ್ಳಗೆ ಹಲ್ಲು ಕಚ್ಚುವುದೇ ಇಲ್ಲ.

ಒಳ ಮೂಲೆಯ ತ್ರಿಜ್ಯ ಕಟರ್ ತ್ರಿಜ್ಯಕ್ಕಿಂತ ಸ್ವಲ್ಪ ದೊಡ್ಡದಿರಲಿ. 3.2ರ ಮೂಲೆಗೆ 5 ಮಿ.ಮೀ. ಕಟರ್ ಹಾಕಿದರೆ ಅದು ಬಳಸಿಕೊಂಡು ಹೋಗುತ್ತದೆ. 3ರ ಮೂಲೆಗೆ 6 ಮಿ.ಮೀ. ಕಟರ್ ಹಾಕಿದರೆ ಮೂಲೆಯಲ್ಲಿ ನಿಂತು ಕಿರುಚುತ್ತದೆ.

ಹೆಜ್ಜೆ 7: ತೂತು, ಥ್ರೆಡ್, ಓ-ರಿಂಗ್ ಗ್ರೂವ್

ರೀಮರ್ ತೂತಿನ ಅಳತೆ ಸರಿ ಮಾಡುತ್ತದೆ, ಜಾಗ ಸರಿ ಮಾಡುವುದಿಲ್ಲ. ಡ್ರಿಲ್ ಎಲ್ಲಿ ಅಲೆದಾಡಿತೋ ರೀಮರ್ ಅದೇ ದಾರಿ ಹಿಡಿಯುತ್ತದೆ. ಡೋವೆಲ್ ತೂತಿಗೆ ಡ್ರಿಲ್ ಆದ ಮೇಲೆ ಚಿಕ್ಕ ಎಂಡ್‌ಮಿಲ್‌ನಲ್ಲಿ ಸುತ್ತು ಹಾಕಿಸಿ ಅಥವಾ ಬೋರ್ ಮಾಡಿ, ವ್ಯಾಸದಲ್ಲಿ 0.1–0.2 ಬಿಟ್ಟು, ಆಮೇಲೆ ರೀಮ್ ಮಾಡಿ. 6 ಮಿ.ಮೀ. ತೂತಿಗೆ ಎಚ್7 ಅನ್ನುವ ಸ್ಟ್ಯಾಂಡರ್ಡ್ ಮಿತಿ ಅಂದರೆ 6.000ದಿಂದ 6.012. ಈ 12 ಮೈಕ್ರಾನ್ ನೆನಪಿಡಿ, ಮತ್ತೆ ಬೇಕಾಗುತ್ತದೆ.

ಥ್ರೆಡ್‌ಗೆ ಸಾಧ್ಯವಾದಲ್ಲೆಲ್ಲ ಫಾರ್ಮ್ ಟ್ಯಾಪ್ ಬಳಸಿ. ಇದು ಕತ್ತರಿಸುವುದಿಲ್ಲ, ಲೋಹವನ್ನು ಒತ್ತಿ ಥ್ರೆಡ್ ಮಾಡುತ್ತದೆ. ಚಿಪ್ಸ್ ಇಲ್ಲ. ಲ್ಯಾಬ್ ಉಪಕರಣದಲ್ಲಿ ಕುರುಡು ತೂತಿನ ತಳದಲ್ಲಿ ಅಡಗಿದ್ದ ಒಂದು ಚಿಪ್ ಎಷ್ಟೋ ತಿಂಗಳ ಮೇಲೆ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುವ ಕಥೆ ಇದರಿಂದ ತಪ್ಪುತ್ತದೆ. ಡ್ರಿಲ್ ಅಳತೆ ಬೇರೆ ಅನ್ನುವುದು ಗಮನದಲ್ಲಿರಲಿ: ಎಂ4ಕ್ಕೆ ಕತ್ತರಿಸುವ ಟ್ಯಾಪ್ ಆದರೆ 3.3, ಫಾರ್ಮ್ ಟ್ಯಾಪ್ ಆದರೆ 3.7. ಪದೇ ಪದೇ ಬಿಚ್ಚಿ ಹಾಕುವ ಸ್ಕ್ರೂ ಇದ್ದರೆ ಸ್ಟೇನ್‌ಲೆಸ್ ಸುರುಳಿ ಇನ್ಸರ್ಟ್ ಹಾಕಿಬಿಡಿ. ವ್ಯಾಕ್ಯೂಂ ಪಾರ್ಟ್ ಆದರೆ ಕುರುಡು ತೂತಿನಲ್ಲಿ ಸಿಕ್ಕಿಬಿದ್ದ ಗಾಳಿ ದಿನಗಟ್ಟಲೆ ಸೋರುತ್ತಿರುತ್ತದೆ, ಹಾಗಾಗಿ ನಡುವೆ ತೂತಿರುವ ಸ್ಕ್ರೂ ಅಥವಾ ಆರುಪಾರು ತೂತು ಬೇಕು.

ಓ-ರಿಂಗ್ ಗ್ರೂವ್ ವಿಷಯದಲ್ಲಿ ಒಮ್ಮೆ ಚೆನ್ನಾಗಿ ಪಾಠ ಕಲಿತೆ. ಫಿನಿಶ್ ಅಳೆದರೆ ಆರ್‌ಎ (ಮೇಲ್ಮೈಯ ಸರಾಸರಿ ಒರಟುತನ, ಮೈಕ್ರಾನ್‌ನಲ್ಲಿ) 0.6 ಬರುತ್ತಿತ್ತು. ಅನಿಲದ ಸೀಲ್‌ಗೆ 0.8 ಸಾಕು. ಆದರೂ ಹೀಲಿಯಂ ಪರೀಕ್ಷೆಯಲ್ಲಿ ಸೋರಿಕೆ. ರಿಂಗ್ ಬದಲಿಸಿದೆ, ಗ್ರೀಸ್ ಬದಲಿಸಿದೆ, ಊಹೂಂ. ಕೊನೆಗೆ ಲೂಪ್ ಹಿಡಿದು ಗ್ರೂವ್ ಸುತ್ತ ನಿಧಾನವಾಗಿ ನೋಡುತ್ತಾ ಹೋದೆ. ಒಂದು ಕಡೆ ಕೂದಲೆಳೆಯಷ್ಟು ಅಡ್ಡ ಗೆರೆ. ಕಟರ್ ನೇರವಾಗಿ ಕೆಳಗಿಳಿದು ಸುತ್ತು ಶುರು ಮಾಡಿದ ಜಾಗ ಅದು. ಗ್ರೂವ್ ಉದ್ದಕ್ಕೂ ಹೋಗುವ ಗೀರು ಸೋರುವುದಿಲ್ಲ, ಅದು ಒಳಗಿನಿಂದ ಹೊರಕ್ಕೆ ದಾರಿ ಮಾಡಿಕೊಡುವುದಿಲ್ಲ. ಅಡ್ಡ ಗೀರು ಎಷ್ಟೇ ಸಣ್ಣದಿದ್ದರೂ ಅದೊಂದು ಕಾಲುವೆ.

ಅಂದಿನಿಂದ ಗ್ರೂವ್ ತಳಕ್ಕೆ ಕಟರ್ ಇಳಿಜಾರಾಗಿ ಇಳಿಯುತ್ತದೆ, ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿಯೇ ಓಡಿ, ಹಾಗೇ ಇಳಿಜಾರಾಗಿ ಮೇಲೇಳುತ್ತದೆ. ಎಲ್ಲೂ ನಿಲ್ಲುವುದಿಲ್ಲ. ಮುಚ್ಚಳದ ಎದುರು ಮುಖವನ್ನೂ ಮರೆಯಬೇಡಿ, ಅದೂ ಸೀಲ್‌ನ ಅರ್ಧ ಭಾಗ.

ಹೆಜ್ಜೆ 8: ಬರ್ ತೆಗೆದು, ತೊಳೆದು, ತಣಿಸಿ, ಅಳೆಯುವುದು

ಬರ್ ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಎಳೆ. ಹೊರ ಅಂಚಿಗೆ ಪ್ರೋಗ್ರಾಂನಲ್ಲೇ 0.2ರ ಚಾಂಫರ್ (ಓರೆ ಅಂಚು) ಹಾಕಿ. ಕೈಯಲ್ಲಿ ಕೆರೆದರೆ ಪಾರ್ಟ್‌ನಿಂದ ಪಾರ್ಟ್‌ಗೆ ಬೇರೆ ಬೇರೆ. ಕಷ್ಟದ್ದು ಅಡ್ಡ ತೂತು ಚಾನಲ್‌ಗೆ ಸೇರುವ ಒಳ ಅಂಚು. ಅಲ್ಲಿ ಉಳಿದ ಬರ್ ನೀರಿನ ಗುಳ್ಳೆ ಹಿಡಿದಿಡುತ್ತದೆ, ಇಲ್ಲವೇ ಕಿತ್ತು ಪಂಪ್‌ಗೆ ಹೋಗುತ್ತದೆ. ಸಣ್ಣ ನೈಲಾನ್ ಅಪಘರ್ಷಕ ಬ್ರಷ್ ಒಳಗೆ ಆಡಿಸಿ, ಟಾರ್ಚ್ ಹಾಕಿ ನೋಡಿ. ಸೀಲ್ ಆಗುವ ಮುಖಕ್ಕೆ ಮರಳು ಕಾಗದ ಬೇಡವೇ ಬೇಡ. ಮೆತ್ತನೆಯ ಲೋಹದಲ್ಲಿ ಅದರ ಕಣ ಹುದುಗಿ ಕೂರುತ್ತದೆ.

ತೊಳೆಯಲು ತಟಸ್ಥ ಡಿಟರ್ಜೆಂಟ್, ಆಮೇಲೆ ಶುದ್ಧ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಗಟ್ಟಿ ಕ್ಷಾರದ ಕ್ಲೀನರ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಕುರುಡು ಥ್ರೆಡ್‌ಗಳನ್ನು ತಲೆಕೆಳಗು ಮಾಡಿ ಗಾಳಿ ಹೊಡೆಯಿರಿ, ಒಳಗೆ ಹತ್ತಿಕಡ್ಡಿ ಹಾಕಿ ತಿರುಗಿಸಿ. ಹತ್ತಿ ಬಿಳಿಯಾಗೇ ಬಂದರೆ ಮುಗಿಯಿತು.

ಅಳತೆಗೆ ಜಗತ್ತಿನಾದ್ಯಂತ ಒಪ್ಪಿದ ಉಷ್ಣತೆ 20 ಡಿಗ್ರಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23.6 ಮೈಕ್ರಾನ್ ಹಿಗ್ಗುತ್ತದೆ. ನಮ್ಮ 150 ಮಿ.ಮೀ. ಪ್ಲೇಟ್ 28 ಡಿಗ್ರಿಯಲ್ಲಿದ್ದರೆ 28 ಮೈಕ್ರಾನ್ ಉದ್ದವಾಗಿರುತ್ತದೆ. ಮೈಕ್ರೋಮೀಟರ್ ಕೂಡ ಅದೇ 28ರಲ್ಲಿದ್ದರೆ ಅದೂ ಹಿಗ್ಗಿರುತ್ತದೆ, ಆದರೆ ಉಕ್ಕು ಹಿಗ್ಗುವುದು ಅರ್ಧದಷ್ಟೇ. ಕಣ್ಣಿಗೆ ಕಾಣುವ ತಪ್ಪು ಸುಮಾರು 14 ಮೈಕ್ರಾನ್. ಎರಡನ್ನೂ ಒಂದೇ ಕೋಣೆಯಲ್ಲಿಟ್ಟರೆ ಸಾಕು ಅನ್ನುವುದು ಅರ್ಧ ಸತ್ಯ. ಎಸಿ ಕೋಣೆ ಇಲ್ಲದಿದ್ದರೆ ಪ್ಲೇಟ್ ಉಷ್ಣತೆ ನೋಡಿ ಲೆಕ್ಕ ಹಾಕಿ ಕಳೆಯಿರಿ. ಪಾರ್ಟ್ ಕೈಯಲ್ಲಿ ಹಿಡಿದು ಹರಟೆ ಹೊಡೆಯುತ್ತಾ ಅಳೆಯಬೇಡಿ, ಅಂಗೈ ಬಿಸಿಯೇ ಸಾಕು ಕೆಡಿಸಲು.

ಸಮತಟ್ಟುತನವನ್ನು ಬಿಚ್ಚಿದ ಸ್ಥಿತಿಯಲ್ಲೇ ನೋಡಬೇಕು. ಪ್ಲೇಟನ್ನು ಮೂರು ಸಣ್ಣ ಜ್ಯಾಕ್ ಮೇಲಿಟ್ಟು, ಮೂರು ಬಿಂದುಗಳನ್ನು ಸಮ ಮಾಡಿ, ಡಯಲ್ ಓಡಿಸಿ. ಯಾರೂ ಅದನ್ನು ಕೆಳಗೆ ಒತ್ತುತ್ತಿಲ್ಲ ಅನ್ನುವುದೇ ಇಲ್ಲಿ ಮುಖ್ಯ.

ಹೆಜ್ಜೆ 9: ಆನೊಡೈಸ್ ಅಳತೆ ತಿನ್ನುತ್ತದೆ

ಆನೊಡೈಸ್ ಬಣ್ಣದಂತೆ ಮೇಲೆ ಕೂರುವುದಿಲ್ಲ. ಸ್ವಲ್ಪ ಭಾಗ ಒಳಗೆ ಬೆಳೆಯುತ್ತದೆ, ಸ್ವಲ್ಪ ಹೊರಗೆ. ಹಾರ್ಡ್ ಆನೊಡೈಸ್‌ನಲ್ಲಿ ಸುಮಾರು ಅರ್ಧ ಹೊರಗೆ. 50 ಮೈಕ್ರಾನ್ ಲೇಪವಾದರೆ ಗೋಡೆಗೆ 25, ಅಂದರೆ ತೂತಿನ ವ್ಯಾಸ 50 ಮೈಕ್ರಾನ್ ಕಿರಿದಾಗುತ್ತದೆ. ಡೋವೆಲ್ ತೂತಿಗೆ ನಮಗಿದ್ದದ್ದು 12 ಮೈಕ್ರಾನ್ ಅಲ್ವಾ? ಪಿನ್ ಬಾಯಿಗೇ ನಿಲ್ಲುತ್ತದೆ. ಸಾಮಾನ್ಯ ಆನೊಡೈಸ್ 12 ಮೈಕ್ರಾನ್ ದಪ್ಪವಿದ್ದು ಮೂರನೇ ಒಂದು ಭಾಗ ಹೊರಗೆ ಬೆಳೆದರೂ ವ್ಯಾಸದಲ್ಲಿ 8 ಹೋಗುತ್ತದೆ. ಡೋವೆಲ್ ತೂತು, ಥ್ರೆಡ್‌ಗಳಿಗೆ ಮಾಸ್ಕ್ ಹಾಕಿಸಿ, ಅದನ್ನು ಡ್ರಾಯಿಂಗ್ ಮೇಲೆ ಬಣ್ಣದಲ್ಲಿ ಗುರುತಿಸಿ ಕಳಿಸಿ. ಬಾಯಿಮಾತು ನಂಬಬೇಡಿ.

ಈ ಪದರಕ್ಕೆ ವಿದ್ಯುತ್ ಹಾಯುವುದಿಲ್ಲ. ಅರ್ಥಿಂಗ್ ಬೇಕಾದ ಜಾಗವನ್ನು ಬಿಡಿಸಬೇಕು. ಪದರದಲ್ಲಿ ಸೂಕ್ಷ್ಮ ರಂಧ್ರಗಳಿದ್ದು ತೇವ ಹಿಡಿದುಕೊಳ್ಳುವುದರಿಂದ ಹೈ ವ್ಯಾಕ್ಯೂಂ ಒಳಗೆ ಬೇಡ. ಆಪ್ಟಿಕಲ್ ಪಾರ್ಟ್ ಮಾಡುವವರಿಗೆ ಇನ್ನೊಂದು ವಿಷಯ: ಡೈ ಹಾಕಿದ ಕಪ್ಪು ಆನೊಡೈಸ್ ಕಣ್ಣಿಗೆ ಕಪ್ಪಗೆ ಕಂಡರೂ ಇನ್ಫ್ರಾರೆಡ್ ಹತ್ತಿರದ ಬೆಳಕಿಗೆ ಚೆನ್ನಾಗಿ ಹೊಳೆಯುತ್ತದೆ.

ಲೇಪ ಆಗಿ ಬಂದ ಮೇಲೆ ಡೋವೆಲ್ ತೂತಿಗೆ ಪ್ಲಗ್ ಗೇಜ್ ಹಾಕಿ, ಗ್ರೂವ್ ಮತ್ತೊಮ್ಮೆ ಲೂಪ್‌ನಲ್ಲಿ ನೋಡಿ, ಸರ್ಫೇಸ್ ಪ್ಲೇಟ್ ಮೇಲಿಟ್ಟು ಮೂಲೆ ಒತ್ತಿ. ಟಕ್ ಅನ್ನದಿದ್ದರೆ ಪ್ಯಾಕ್ ಮಾಡಬಹುದು. ಸೀಲ್ ಮುಖಕ್ಕೆ ಟೇಪ್ ಅಂಟಿಸಬೇಡಿ, ಅದರ ಗೋಂದು ಉಳಿಯುತ್ತದೆ. ಒಂದೊಂದನ್ನೂ ಬೇರೆ ಬೇರೆ ಪಾಲಿಥಿನ್ ಚೀಲದಲ್ಲಿ ಹಾಕಿ, ನಡುವೆ ಫೋಮ್ ಇಟ್ಟು, ನಿಲ್ಲಿಸಿ ಜೋಡಿಸಿ. ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಮೂಲೆ ಕೆಳಗಿನದರ ಗ್ರೂವ್‌ಗೆ ಸರಿಯಾಗಿ ಅಡ್ಡಡ್ಡ ಗೀರು ಎಳೆಯುತ್ತದೆ.